ಕಿಟಕಿಯ ಉಳ್ಳಾಗಡ್ಡಿ

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 6

ಗ್ಲಾಸುಗಳ ನೀರು ಬದಲಿಸಿದೆ. ಕಿಟಕಿಯಲ್ಲಿ ಸಾಲಾಗಿ ಹಳೆಯ ಉಳ್ಳಾಗಡ್ಡಿ, ಬುಡಕ್ಕೆ ತಾಗುವಷ್ಟೇ ನೀರು. ಬೇರು ಇನ್ನೂ ನೂಲಿನಷ್ಟು. ಶುಕ್ರವಾರ ಪಿಯು ಹುಡುಗಿಯರಿಗೆ ಬೇರಿನ ತುದಿ ಕತ್ತರಿಸಿ ಕೋಶ ವಿಭಜನೆ ತೋರಿಸಬೇಕು.

ಎದೆಯ ಗಂಟಿನಿಂದ ಪರೀಕ್ಷೆಗೆ ಚೂರು ತೆಗೆದದ್ದು ಹೋದ ವಾರ. ರಿಪೋರ್ಟ್ ಬಂದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಇವರು ಉಳ್ಳಾಗಡ್ಡಿ ಲೋಡ್ ಜೊತೆ ಬೆಂಗಳೂರು ಮಾರ್ಕೆಟ್ಟಿಗೆ ಹೋಗಿದ್ದಾರೆ. ಅತ್ತೆಗೆ ಹೇಳಿದರೆ ಗುಡಗೇರಿ ಊರಿಗೆಲ್ಲ ಡಂಗುರ.

ಅ. 16, ಬುಧವಾರ

ಕ್ಲಾಸಿನಲ್ಲಿ ತಬಸುಮ್ ಎದ್ದು ನಿಂತಳು. ಕೋಶ ಬೆಳೆಯುತ್ತದೆ, ಡಿಎನ್‌ಎ ನಕಲು ಮಾಡಿಕೊಳ್ಳುತ್ತದೆ, ಎರಡಾಗುತ್ತದೆ — ಸಾಕು ಅಂತ ಅದಕ್ಕೆ ಹೇಳುವವರು ಯಾರು ಅಂತ ಕೇಳಿದಳು. ನಡುನಡುವೆ ತಪಾಸಣೆ ಇದೆ, ನಕಲು ತಪ್ಪಿದ್ದರೆ ಅಲ್ಲೇ ತಡೆದು ರಿಪೇರಿ ಅಂದೆ. ತಪಾಸಣೆಯೇ ಕೆಟ್ಟರೆ? ಅಂದಳು.

ಸಿಲೆಬಸ್‌ನಲ್ಲಿಲ್ಲ, ಕೂತ್ಕೋ ಅಂದುಬಿಟ್ಟೆ. ಪಾಪ, ಒಳ್ಳೆಯ ಪ್ರಶ್ನೆ. ಪಿರಿಯಡ್ ಮುಗಿಯುವವರೆಗೂ ಫೋನ್ ನೋಡುತ್ತಲೇ ಇದ್ದೆ...

ಅ. 18, ಶುಕ್ರವಾರ

ಬೇರು ಇಲ್ಲ. ಒಂದೂ ಇಲ್ಲ. ಅತ್ತೆ ನಸುಕಿನಲ್ಲೇ ಎದ್ದು ಕುಡಗೋಲಿನಿಂದ ಎಲ್ಲ ನುಣ್ಣಗೆ ಕೊಯ್ದು, ಗಡ್ಡೆ ಒರೆಸಿ ಬುಟ್ಟಿಗೆ ಹಾಕಿದ್ದಾರೆ. ಬೇರು ಬಿಟ್ಟ ಗಡ್ಡೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ. ಬೇರು ತೆಗೆಯದೆ ಸಂತೆಗೆ ಒಯ್ದರೆ ದಲ್ಲಾಳಿ ಮುಟ್ಟಿಯೂ ನೋಡುವುದಿಲ್ಲ. ಸೊಸೆಗೆ ಸಹಾಯ ಮಾಡಿದೆ ಅಂತ ಮುಖ ಬೇರೆ ಅರಳಿತ್ತು.

ಕಿರುಚಾಡಿದೆ. ಆಮೇಲೆ ಅಳು. ನಿಲ್ಲಲೇ ಇಲ್ಲ.

"ನಾಕ್ ಬೇರಿಗೆ ಇಷ್ಟ್ ಅಳತಾರೇನ ಬೇ? ಖರೇ ಹೇಳು, ಏನಾಗೇತಿ?"

ಹೇಳಿದೆ. ಎಲ್ಲಾ. ಅತ್ತೆ ಕುಡಗೋಲು ಕೆಳಗಿಟ್ಟರು. ಒಲೆಯ ಮೇಲೆ ಚಹಾ ಉಕ್ಕಿತು, ಅವರು ಏಳಲಿಲ್ಲ.

ಕಾಲೇಜಿನಲ್ಲಿ ಹಳೆಯ ಸ್ಲೈಡುಗಳನ್ನೇ ತೋರಿಸಿದೆ.

ಅ. 22, ಮಂಗಳವಾರ. 11.20

ನಿನ್ನೆ ಆಸ್ಪತ್ರೆಯಿಂದ ಫೋನ್. ರಿಪೋರ್ಟ್ ಬಂದಿದೆ, ಒಬ್ಬರೇ ಬರಬೇಡಿ, ಮನೆಯವರನ್ನು ಕರೆದುಕೊಂಡು ಬನ್ನಿ ಅಂದರು. ಅರ್ಥವಾಯಿತು. ಇವರಿಗೆ ಫೋನಿನಲ್ಲಿ ಹೇಳಿದೆ, ಲಾರಿ ಬಿಟ್ಟು ಬಸ್ ಹತ್ತಿದ್ದಾರೆ, ಇನ್ನೂ ದಾರಿಯಲ್ಲಿ. ಅತ್ತೆ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಹೊರಟು ನಿಂತಿದ್ದರು. ಸ್ಟೇಷನ್ನಿನಲ್ಲಿ ಕೇಳಿದವರಿಗೆಲ್ಲ, ಹಲ್ಲು ತೋರಿಸಲು ಹುಬ್ಬಳ್ಳಿಗೆ ಅಂದರು. ಅವರ ಬಾಯಲ್ಲಿ ಉಳಿದಿರುವುದೇ ಎರಡು ಹಲ್ಲು.

ಈಗ ಆಸ್ಪತ್ರೆಯ ಬೆಂಚು. ಎದ್ದು, ಕೂತು, ಮತ್ತೆ ಎದ್ದು... ನರ್ಸ್ ಬಂದು ಜೊತೆಗೆ ಯಾರಿದ್ದಾರೆ ಅಂತ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು.

"ನಾ ಅದೀನ್ರಿ. ಇಕಿ ಹಡದವ್ವ."

ಯಾರು ತಪ್ಪು ಹೇಳಿದರೂ ತಿದ್ದುವ ಚಟ ನನ್ನದು. ತಿದ್ದಲಿಲ್ಲ. ಎಡಗೈ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. ಒಳಗೆ ಕರೆಯುತ್ತಿ—