ಸಿಗ್ನಲ್ಲಿನಲ್ಲಿ ಒತ್ತಿ ಹಿಡಿದ ಕ್ಲಚ್ಚು

ಮಾತಿನಮಲ್ಲಿ,

ನೀನಿದ್ದಿದ್ದರೆ ಇವತ್ತು ನನ್ನನ್ನು ಆಡಿಕೊಂಡು ನಗುತ್ತಿದ್ದೆ. ನಮ್ಮ ಪುಟ್ಟ ಬೈಕನ್ನು ರಿಪೇರಿ ಮಾಡಿಸಿದೆ, ಅದರ ಗಡಗಡ ಕೊನೆಗೂ ನಿಂತಿತು. ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗಿದೆ ಎನ್ನುತ್ತಿದ್ದೆಯಲ್ಲ, ಅದೇ ಸದ್ದು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಕ್ಲಚ್ ಒಳಗಿನ ರಬ್ಬರೆಲ್ಲ ಸವೆದೋಗಿದೆ ಸಾರ್. ಇಷ್ಟು ದಿನ ಹೇಗೆ ತಡ್ಕೊಂಡ್ರಿ?" ಎಂದ. ತಡೆದುಕೊಂಡವಳು ನೀನು ಎಂದು ಅವನಿಗೆ ಹೇಳಲಿಲ್ಲ.

"ರೀ, ಇದನ್ನೊಂದ್ಸಲ ತೋರಿಸ್ರೀ, ಕಿರುಚಿ ಕಿರುಚಿ ಗಂಟಲು ಕಟ್ಟೋಗಿದೆ" ಎಂದು ಹಿಂದಿನಿಂದ ನೀನು ಗೊಣಗಿದಾಗಲೆಲ್ಲ ನನ್ನ ಬಳಿ ಒಂದು ಉಪಾಯವಿತ್ತು. ಕ್ಲಚ್ ಒತ್ತಿ ಹಿಡಿದರೆ ಸದ್ದು ಅಡಗುತ್ತಿತ್ತು. ಹಾಗಾಗಿ ಸಿಗ್ನಲ್ ಬಂದ ಕೂಡಲೇ ಒತ್ತಿ ಹಿಡಿದು, "ಹೂಂ, ಈಗ ಹೇಳು" ಎನ್ನುತ್ತಿದ್ದೆ. ನೀನು ನನ್ನ ಭುಜದ ಮೇಲೆ ಗದ್ದ ಊರಿ ಶುರು ಮಾಡುತ್ತಿದ್ದೆ. ಹಸಿರು ದೀಪ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು.

ಆಸ್ಪತ್ರೆಗೆ ಸೇರಲು ಹೊರಟ ದಿನವೂ ಹಾಗೇ ಆಯಿತು. "ಹೋಗ್ಲಿ ಬಿಡಿ, ಮನೆಗೆ ಬಂದ್ಮೇಲೆ ಹೇಳ್ತೀನಿ" ಎಂದಿದ್ದೆ ನೀನು. ಮನೆಗೆ ನಾನೊಬ್ಬನೇ ಬಂದೆ.

ಇವತ್ತು ಅದೇ ಸಿಗ್ನಲ್ಲಿನಲ್ಲಿ ನಿಂತೆ. ಎಂಜಿನ್ನು ಮೆತ್ತಗೆ ಗುನುಗುತ್ತಿತ್ತು, ಕ್ಲಚ್ ಒತ್ತುವ ಅಗತ್ಯವೇ ಇರಲಿಲ್ಲ. ಆದರೂ ಎಡಗೈ ತಾನಾಗಿಯೇ ಒತ್ತಿ ಹಿಡಿಯಿತು. "ಹೂಂ, ಈಗ ಹೇಳು" ಎಂದುಬಿಟ್ಟೆ.

ಪಕ್ಕದ ಸ್ಕೂಟರಿನವರು ತಿರುಗಿ, "ನನಗೇನಾದ್ರೂ ಹೇಳಿದ್ರಾ?" ಎಂದರು. ಇಲ್ಲವೆಂದು ತಲೆಯಾಡಿಸಿದೆ.

ದೀಪ ಹಸಿರಾಯಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ನಾನು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕ್ಲಚ್ ಬಿಡಲಿಲ್ಲ.