ಕರಗಿದ ಮುಖದ ಕಾಪಿಗಳು

ಗುರುವಾರ, ಫೆಬ್ರುವರಿ 12

ಹೆಂಡತಿ ರೀಟಾಳಿಗೆ ಇನ್ನೂ ಹೇಳಿಲ್ಲ.

ಅವಳ ತಾಯಿಯ ಫೋಟೊ ಒಂದೂ ಇಲ್ಲ. ಇದ್ದದ್ದು ತೀರಿಹೋದ ಮಾವ ಮೇಣದ ಬಣ್ಣದಲ್ಲಿ ಬರೆದ ಮುಖವೊಂದೇ. ಅವಳ ತಂಗಿಯರಿಗೂ ಕಾಪಿ ಬೇಕೆಂದು ಇವತ್ತು ಹಳಿಯಾಳದ ಝೆರಾಕ್ಸ್ ಅಂಗಡಿಗೆ ಒಯ್ದೆ. ಮೊದಲು ಮೊಬೈಲಿನಲ್ಲಿ ಫೋಟೊ ತೆಗೆದಿಡಬೇಕೆಂದು ಹೊಳೆಯಲೇ ಇಲ್ಲ.

"ಶಮಶುದ್ದೀನ ಭಾಯ್, ಒರಿಜಿನಲ್‌ಗೆ ಏನೂ ಆಗಬಾರದು ನೋಡ್ರಿ."

"ನನಗ ಹೇಳಿಕೊಡ್ತೀರೇನು? ಚಾ ಕುಡದ ಬರ್ರಿ."

ಬರುವಷ್ಟರಲ್ಲಿ ಚಿತ್ರಕ್ಕೆ ಲ್ಯಾಮಿನೇಷನ್ ಹಾಕಿದ್ದರು. ಬಿಸಿಗೆ ಮೇಣ ಕರಗಿ ಕಣ್ಣು ಕೆನ್ನೆಗಿಳಿದಿತ್ತು. ಸೀರೆಯ ಹಸಿರು ಬಾಯಿಗೆ ಹರಿದಿತ್ತು.

"ಕಾಪಿ ತೆಗಿಯೂವಾಗ ಕೆಡಬಾರದಂತ ಮೊದಲ ಇದನ್ನ ಮಾಡಿದೆ, ಸೈಮನ್..."

ಏನು ಮಾಡಬೇಕೆಂದು ತಿಳಿಯದೆ ಅವರು ಅದನ್ನೇ ಯಂತ್ರಕ್ಕಿಟ್ಟು ಕಾಪಿ ತೆಗೆದರು. ನಾನೂ ಸುಮ್ಮನೆ ಇಸಿದುಕೊಂಡೆ. ಕಾಪಿಗಳಲ್ಲಿ ಒಂದು ತಪ್ಪೂ ಇಲ್ಲ. ಕರಗಿದ್ದೆಲ್ಲ ಕರಗಿದ ಹಾಗೆಯೇ ಬಂದಿದೆ.

"ಅವ್ವ ಚಂದ ಬಂದಾಳೇನ್ರಿ?" ಎಂದು ರೀಟಾ ಬಾಗಿಲಲ್ಲೇ ಕೇಳಿದಳು.

"ನಾಳೆ ಕೊಡ್ತಾರಂತ," ಎಂದೆ. ಚಿತ್ರ, ಕಾಪಿಗಳಿದ್ದ ಲಕೋಟೆ ಅಂಗಿಯ ಒಳಗಿತ್ತು.

ಅತ್ತೆಯನ್ನು ನಾನು ಕಂಡವನಲ್ಲ. ಆ ಚಿತ್ರವನ್ನು ದಿನಾ ನೋಡಿದ್ದೇನೆ. ಈಗ ಕಣ್ಣು ಮುಚ್ಚಿದರೆ ಹಳೆಯ ಮುಖ ಬರುತ್ತಿಲ್ಲ, ಕರಗಿದ್ದೇ ಬರುತ್ತಿದೆ. ನಾಳೆ ಇದನ್ನು ತೋರಿಸಿದರೆ ರೀಟಾಳಿಗೂ ತನ್ನ ಅವ್ವ ಇನ್ನು ಹೀಗೆಯೇ ನೆನಪಾಗುತ್ತಾಳೆ.