ಗಲ್ಲದಾಗಿನ ಚಾಕ್ಲೇಟ್

ಲೇಡೀಸ್ ಹಾಸ್ಟೆಲ್, ಯಾದಗಿರಿ
ಶನಿವಾರ, 26 ಏಪ್ರಿಲ್ 2025

ಪ್ರೀತಿಯ ಅವ್ವಾ,

ಹ್ಯಾಂಗಿದ್ದಿ? ಕಾಲಿನ ಬಾವು ಇಳದದೇನು? ಮಲಗಿದ್ರ ದಮ್ಮು ಹತ್ತತದೇನು? ಸುರಪುರದಾಗೂ ಇಲ್ಲಿನಂಗ ಬಿಸಿಲು ಅಂತ ತಂಗಿ ನಂದಿನಿ ಹೇಳಿದಳು. ನಾನು ಆರಾಮ ಅದೀನಿ. ಊಟ ನೆಟ್ಟಗ ಮಾಡಾಕತ್ತೇನಿ, ಅದರ ಚಿಂತಿ ಬ್ಯಾಡ. ಇಂಗ್ಲಿಷ್ ಇಂಟರ್ನಲ್ಸ್‌ದು ಮಾತ್ರ ಟೆನ್ಶನ್. ಇಷ್ಟು ವರ್ಷ ಹಾಸ್ಟೆಲ್‌ನಾಗ ಇದ್ದು ಓದಿದಾಕಿಗೆ ಇನ್ನೂ ಅರ್ಧ ಇಂಗ್ಲಿಷೇ ಬರ್ತದ. ಅರ್ಧ ಬಂದ್ರ ಏನಾಗ್ತದ ಅಂತ ಈ ವಾರ ತಿಳೀತು.

ಫೋನ್ ಬಿಟ್ಟು ಪತ್ರ ಯಾಕ ಅಂತೀಯೇನು? ಡಯಾಲಿಸಿಸ್ ಅಂದ ಕೂಡಲೆ ನೀ ಫೋನ್ ಅಪ್ಪನ ಕೈಯಾಗ ಕೊಡ್ತಿ. ಗುರುವಾರ ನೀನು ಹೋಗಲಿಲ್ಲಂತ, ಸೋಮವಾರನೂ ಹೋಗಂಗಿಲ್ಲಂತ. ನಂದಿನಿ ಅಳಕೋತ ಹೇಳಿದಳು. "ನೀರೂ ಅಳದು ಕುಡೀಬೇಕು, ಬಾಯಾಗ ಒಂದು ಚಾಕ್ಲೇಟೂ ಇಟ್ಕೊಳ್ಳಂಗಿಲ್ಲ. ನಾಲಗಿ ಒಣಗಿಸಿಕೊಂಡು ಬದುಕೂದ್ರಾಗ ಏನದ?" ಅಂದ್ಯಂತ. ಆ ಮಾತು ಕೇಳಿ ನಿನ್ನ ರಿಪೋರ್ಟಿನ ಫೋಟೋ ನಂದಿನಿ ಕಡಿಂದ ತರಿಸಿಕೊಂಡೆ.

ಶಹಾಪುರದ ಡಾಕ್ಟರ್ ರೂಮ್ ನೆನಪದೇನು? ಅವರು ಇಂಗ್ಲಿಷ್‌ನಾಗ ಅಂದದ್ದನ್ನ ನಾನು ನಿನಗ ಹೇಳಿದೆ: "ಚಾಕ್ಲೇಟ್ ಬಂದ್, ಅವ್ವಾ." ನಮ್ಮ ರಂಗಂಪೇಟಿ ಅಂಗಡ್ಯಾಗ ಚಾಕ್ಲೇಟ್ ಅಂದ್ರ ಯಾವುದು? ಬರಣಿಯೊಳಗಿನ ಪೆಪ್ಪರಮೆಂಟು, ನಿಂಬಿಹುಳಿದು, ಕಿತ್ತಳಿದು, ಎಲ್ಲಾ ಚಾಕ್ಲೇಟೇ. ನೀನು ಯಾವಾಗಲೂ ಗಲ್ಲದಾಗ ಒಂದು ಇಟ್ಕೊಂಡೇ ಗಿರಾಕಿ ಕೂಡ ಮಾತಾಡಾಕಿ. "ಏನ್ ಬಸ್ಸಮ್ಮ, ಹಲ್ಲುನೋವಿಗೆ ಗಲ್ಲ ಬಾತದೇನು?" ಅಂತ ಬಾಜೂ ಮನಿ ನಜೀಮಾ ಚಾಚಿ ಕಾಡಸಾಕಿ. ಆವತ್ತು ಡಾಕ್ಟರ್ ಮುಂದೇ ಬಾಯಾಗಿಂದು ತೆಗೆದು ಸೆರಗಿನ ತುದಿಗೆ ಗಂಟು ಹಾಕಿದಿ. ಯಾಕ ಅಂತ ಕೇಳಲಿಲ್ಲ. ಓದಿದ ಮಗಳು ಹೇಳ್ಯಾಳ, ಮುಗೀತು. ಆಮ್ಯಾಲ ಹುಡುಗರಿಗೆ ಬರಣಿ ತೆಗೆದು ಕೊಡುವಾಗ ಮಾರಿ ಆಕಡಿ ತಿರುಗಿಸ್ತಿದ್ದಿ. ನಾನು ನೋಡೀನಿ.

ನಿನ್ನೆ ನಿನ್ನ ರಿಪೋರ್ಟ್ ತಗೊಂಡು ಇಲ್ಲಿನ ದವಾಖಾನ್ಯಾಗ ಪಥ್ಯ ಹೇಳೂ ಡಯಟಿಶಿಯನ್ ಮಲ್ಲೇಶ್ವರಿ ಮೇಡಂ ಹತ್ರ ಹೋಗಿದ್ದೆ. ಕನ್ನಡದಾಗೇ ಕೇಳಿದೆ. ಬ್ಯಾಡಾದದ್ದು ಕೋಕೋದಿಂದ ಮಾಡಿದ ಕಂದು ಚಾಕ್ಲೇಟ್ ಅಂತ. ಅದರಾಗಿನ ಪೊಟ್ಯಾಶಿಯಂ, ಫಾಸ್ಫರಸ್ ನಿನ್ನ ಕಿಡ್ನಿ ಹೊರಗ ಹಾಕಂಗಿಲ್ಲ. ನೀನು ಜಲ್ಮದಾಗ ಅದನ್ನ ತಿಂದಾಕೇ ಅಲ್ಲ. "ನಿಮ್ಮವ್ವಗ ಶುಗರ್ ಇಲ್ಲಲ್ಲ, ಬಾಯಿ ಒಣಗಿದ್ರ ಒಂದು ನಿಂಬಿಹುಳಿ ಪೆಪ್ಪರಮೆಂಟು ಚೀಪಲಿ. ನೀರಡಿಕಿ ತಡೀತದ" ಅಂದ್ರು. ನಾನು ಬ್ಯಾಡ ಅಂದದ್ದೇ ನಿನಗ ಬೇಕಾಗಿತ್ತು. ದವಾಖಾನಿ ಮೆಟ್ಟಲ ಮ್ಯಾಲ ಕುಂತುಬಿಟ್ಟೆ ಅವ್ವಾ. ಇಡೀ ಬ್ಯಾಸಗಿ ನೀನು ಒದ್ದಿ ಸೆರಗು ತುಟಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗಿ ಮುಂದ ಕುಂತದ್ದೇ ಕಣ್ಣಿಗೆ ಬಂತು.

ಅಪ್ಪಗ ನಿನ್ನ ಮ್ಯಾಲ ಸಿಟ್ಟಾಗಬ್ಯಾಡ ಅಂತ ಹೇಳು, ತಪ್ಪು ನಂದು ಅಂತ ಅವರಿಗೆ ಗೊತ್ತಿರಲಿಲ್ಲ. ನಂದಿನಿಗೆ ನನ್ನ ಮುದ್ದು. ನಿನ್ನ ಬಾತ ಕಾಲು ಮುಟ್ಟಿ ನಮಸ್ಕಾರ ಮಾಡ್ತೀನಿ.

ನಿನ್ನ ಮಗಳು,
ಶಿವರಂಜನಿ

ತಾ.ಕ.: ನಜೀಮಾ ಚಾಚಿ ಮನಿಯವರು ಹಾಶಿಮ ಚಾಚಾ ಗಾಡಿ ತಗೊಂಡು ಸುರಪುರಕ್ಕ ಹೊಂಟಾರ, ಗೇಟಿನಾಗ ಹಾರ್ನ್ ಹೊಡ್ಯಾಕತ್ತಾರ. ಪತ್ರದ ಜೋಡಿ ನಿಂಬಿಹುಳಿ ಪೊಟ್ಟಣ ಅದ. ಇದು ಔಷಧ ಅಲ್ಲ, ಮಶಿನ್ ಬಿಟ್ರ ಇದರಿಂದ ನೀ ಉಳಿಯಂಗಿಲ್ಲ. ಸೋಮವಾರ ಮುಂಜಾನಿ ಮೊದಲನೇ ಬಸ್ಸಿಗೆ ಬಂದು ಸುರಪುರ ದವಾಖಾನಿ ಬಾಗಲದಾಗ ನಿಂತಿರ್ತೀನಿ. ಬರ್ತೀನಿ ಅಂತ ಫೋನ್ ಮಾಡಬ್ಯಾಡ, ಮಾತಾಡೂದೂ ಬ್ಯಾಡ. ದೂರದಿಂದ ನಿನ್ನ ಗಲ್ಲ ಉಬ್ಬಿದ್ದು ಕಂಡ್ರ ಸಾಕು.